ದಯಾವತಿ ಎತ್ತದ ಕೈ

ತೊಗರಿಯ ರೇಟು ತಿಳಿಯಬೇಕೆಂಬ ಒಂದೇ ಕಾರಣಕ್ಕೆ ಮನೋಹರ ತನ್ನ ಕಾಕಾನನ್ನು ಸಾಯಿಸಿಬಿಟ್ಟ.

ಅದು ಎಂಬತ್ತಾರನೇ ಇಸವಿ. ಆಗಿನ ಆಳಂದದಲ್ಲಿ ಹೊರಗಿನ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಎಕ್ಸ್‌ಚೇಂಜಿನ ಆಪರೇಟರ್ ಲೈನ್ ಕೊಡುವ ತನಕ ಕಾಯಬೇಕಿತ್ತು. ರೇವಣಪ್ಪನವರ ದಾಲ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಮನೋಹರನಿಗೆ ಕಾಯುವುದೆಂದರೆ ಮೈಯೆಲ್ಲ ಉರಿ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ ಅದು. ಸುಳ್ಳು ಅವನಿಗೆ ದಾರಿಗೆ ಅಡ್ಡ ನಿಂತ ಎಮ್ಮೆಯನ್ನು ಓಡಿಸುವ ಕೋಲಿನಂತೆ. ಕೆಲಸ ಆಯಿತೆಂದರೆ ಎಸೆದು ಮುಂದೆ ಹೋಗುತ್ತಿದ್ದ.

"ಮೇಡಂ, ಸೊಲ್ಲಾಪುರ ಲೈನ್ ಜಲ್ದಿ ಕೊಡ್ರಿ. ಮನ್ಯಾಗ ಸಾವಾಗೇದ."

ಆ ಕಡೆಯ ಹೆಣ್ಣುದನಿ ಮೆತ್ತಗಾಯಿತು. "ಯಾರ್ರಿ?"

"ನಮ್ಮ ಕಾಕಾ. ಸ್ವಾಮಿದಾಸ ಕಾಕಾ."

"ಅಯ್ಯೋ ದೇವ್ರೇ! ಈಗಲೇ ಕೊಡ್ತೇನ್ರಿ. ನಿಮ್ಮ ಮನ್ಯಾಗಿನವ್ರ ಸಲುವಾಗಿ ಪ್ರಾರ್ಥನಾ ಮಾಡ್ತೇನಿ."

ಲೈನ್ ಸಿಕ್ಕಿತು, ರೇಟು ಸಿಕ್ಕಿತು, ರೇವಣಪ್ಪನವರು ಖುಷಿಯಾದರು. ಮನೋಹರ ಒಂದು ಕಪ್ ಚಹಾ ಕುಡಿದು ಎಲ್ಲವನ್ನೂ ಮರೆತ.

ಮರೆಯದವಳು ಆ ದನಿಯ ಒಡತಿ. ಭಾನುವಾರ ಮಧ್ಯಾಹ್ನ ಮೆಥೋಡಿಸ್ಟ್ ಕ್ರೈಸ್ತರ ಓಣಿಯಲ್ಲಿ ಮನೋಹರನ ಮನೆಯ ಬಾಗಿಲು ಬಡಿಯಿತು. ಬಾಗಿಲು ತೆಗೆದವರು ಸ್ವಾಮಿದಾಸ ಕಾಕಾ, ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಭಜ್ಜಿ. ಹೊರಗೆ ಕೊಡೆ ಹಿಡಿದ ಹಿರಿಯರೊಬ್ಬರು, ಅವರ ಹಿಂದೆ ನೀಲಿ ಅಂಚಿನ ಬಿಳಿ ಸೀರೆಯ ಹುಡುಗಿ.

"ನಾ ಬ್ಯಾಪ್ಟಿಸ್ಟ್ ಸಭಾದ ಪಾಸ್ಟರ್ ಯೇಸಪ್ಪ. ಈಕಿ ನನ್ನ ಮಗಳು ದಯಾವತಿ, ಎಕ್ಸ್‌ಚೇಂಜಿನಾಗ ಆಪರೇಟರ್. ಸ್ವಾಮಿದಾಸ ಅವರ ಮನಿ ಇದೇ ಏನ್ರಿ? ಸಮಾಧಾನ ಹೇಳಿ ಹೋಗಾಮಂತ ಬಂದ್ವಿ."

"ನಾನೇ ಸ್ವಾಮಿದಾಸ," ಎಂದರು ಕಾಕಾ, ಅಗಿಯುತ್ತ. "ಯಾಕ್ರಿ, ನನಗೇನಾಗೇದ?"

ದಯಾವತಿ ಮೊದಲು ಕಾಕಾನ ಅಗಿಯುವ ಬಾಯಿ ನೋಡಿದಳು, ಆಮೇಲೆ ಭಜ್ಜಿ ನೋಡಿದಳು. ಕೊನೆಗೆ ಒಳಗೆ ಬನಿಯನ್ನಿನಲ್ಲಿ ಕಲ್ಲಾಗಿ ನಿಂತಿದ್ದ ಮನೋಹರನ ಕಡೆಗೆ ನಿಧಾನವಾಗಿ ಕಣ್ಣು ತಿರುಗಿಸಿದಳು. ತುಟಿಯ ಒಂದು ತುದಿ ನಗುವನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಕಣ್ಣಲ್ಲಿ ಮಾತ್ರ ನಿಜವಾದ ನೋವಿತ್ತು.

"ಬುಧವಾರ ತೀರಿಕೊಂಡಿದ್ರಂತಲ್ರಿ," ಎಂದಳು ಕಾಕಾನಿಗೆ, ತುಂಬ ಗೌರವದಿಂದ. "ದೇವರು ದೊಡ್ಡವ. ಬೈಬಲಿನಾಗ ಸತ್ತ ಲಾಜರನನ್ನೂ ನಾಕನೇ ದಿನಕ್ಕೇ ಎಬ್ಬಿಸಿದ್ದ."

ಕಾಕಾನಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಅಣ್ಣನ ಮಗನ ಚಾಳಿ ಅವರಿಗೆ ಹೊಸದೇನು? ಹೊಟ್ಟೆ ಹಿಡಿದುಕೊಂಡು ನಕ್ಕರು. "ಬರ್ರಿ ಬರ್ರಿ, ಒಳಗ ಬರ್ರಿ. ನನ್ನ ಮಣ್ಣಿಗಿ ಬಂದೀರಿ, ಹಂಗೇ ಹೋದ್ರ ಹ್ಯಾಂಗ? ಚಹಾ ಕುಡದು ಹೋಗ್ರಿ."

ಮರುದಿನ ಮನೋಹರ ಫೋನ್ ಎತ್ತಿದಾಗ ಅವನ ದನಿಯೇ ಅವನಿಗೆ ಗುರುತು ಹತ್ತಲಿಲ್ಲ. "ಮೇಡಂ, ಇವತ್ತ ಯಾರೂ ಸತ್ತಿಲ್ರಿ. ಬರೇ ತೊಗರಿ ರೇಟ್ ಕೇಳಬೇಕಾಗೇದ."

"ಹಂಗಾದ್ರ ಸಾಲಿನಾಗ ಕಾಯ್ರಿ."

ಕಾಯ್ದ. ಬದುಕಿನಲ್ಲಿ ಮೊದಲ ಸಲ ಕಾಯುವುದು ಅವನಿಗೆ ರುಚಿಸಿತು.

ಪ್ರೀತಿ ಬರುವಾಗ ಹೇಳಿ ಬರುವುದಿಲ್ಲ ಎನ್ನುತ್ತಾರೆ. ಮನೋಹರನಿಗಂತೂ ದಿನಕ್ಕೆ ಎರಡು ಸಲ, "ನಂಬರ್ ಹೇಳ್ರಿ" ಎಂದು ಕೇಳಿಕೊಂಡೇ ಬಂತು. ಅವಳೊಂದಿಗೆ ಇನ್ನೊಂದು ಮಾತು ಬೆಳೆಸಲು ಎಷ್ಟು ತಿಣುಕಿದರೂ "ಇದು ಸರಕಾರದ ಲೈನ್ ಅದ್ರಿ" ಎಂದು ಮುಗಿಸಿಬಿಡುತ್ತಿದ್ದಳು. ಹಾಗಾಗಿ ಅವನು ಭಾನುವಾರ ತನ್ನ ಚರ್ಚು ಬಿಟ್ಟು ಬ್ಯಾಪ್ಟಿಸ್ಟ್ ಸಭೆಗೆ ಹೋಗತೊಡಗಿದ. ಪಾಸ್ಟರ್ ಮನೆಯ ಹಿತ್ತಲಲ್ಲಿ ತಗಡಿನ ಕೋಣೆ, ನೆಲಕ್ಕೆ ಜಮಖಾನೆ, ಹದಿನೈದಿಪ್ಪತ್ತು ಮಂದಿ. ಅವಳು ಕಣ್ಣು ಮುಚ್ಚಿ ಕೀರ್ತನೆ ಹಾಡುತ್ತಿದ್ದಳು. ಅವನು ರಾಗ ತಪ್ಪಿದಾಗ ಕಣ್ಣು ಮುಚ್ಚಿಕೊಂಡೇ ಕೆಳದುಟಿ ಕಚ್ಚುತ್ತಿದ್ದಳು. ಹಾಡು ಮುಗಿದ ಕೂಡಲೇ ರೆಪ್ಪೆ ತೆರೆದು ಅವನನ್ನು ಒಮ್ಮೆ ನೋಡಿ, ತಕ್ಷಣ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ಒಂದು ನೋಟಕ್ಕಾಗಿ ಅವನು ಬೇಕಂತಲೇ ರಾಗ ತಪ್ಪುತ್ತಿದ್ದ. ತಪ್ಪಿಸಲು ಹೆಚ್ಚು ಕಷ್ಟಪಡಬೇಕಾಗಿಯೂ ಇರಲಿಲ್ಲ.

ಸಿನಿಮಾಕ್ಕೆ ಹೋಗದ, ಬಂಗಾರ ಹಾಕದ ಹುಡುಗಿ. ಅದೆಲ್ಲ ಅವನಿಗೆ ಮೊದಮೊದಲು ತಮಾಷೆ.

"ಊರಿನ ಗುಟ್ಟೆಲ್ಲ ನಿಮ್ಮ ಕಿವ್ಯಾಗ ಇರಬೇಕಲ್ರಿ?" ಎಂದು ಒಮ್ಮೆ ಸಭೆ ಬಿಟ್ಟಾಗ ಕೆಣಕಿದ.

"ಲೈನ್ ಕೊಟ್ಟ ಕೂಡಲೇ ಕಿವಿ ತಗೀತೇನ್ರಿ."

"ಯಾರೂ ನೋಡಂಗಿಲ್ಲ. ಒಂದು ಸಲ ಕೇಳಿದ್ರ ಏನಾಗ್ತದ?"

"ಯಾರೂ ನೋಡಂಗಿಲ್ಲ, ಅದಕ್ಕೇ ಕೇಳಂಗಿಲ್ಲ," ಎಂದು ಚಪ್ಪಲಿ ಹುಡುಕತೊಡಗಿದಳು. ಆ ಮಾತು ಅವನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ರಾತ್ರಿಯಿಡೀ ಕಾಡಿತು.

ಚಳಿಗಾಲ ಶುರುವಾಗುವ ಹೊತ್ತಿಗೆ ತಡೆಯಲಾರದೆ, ಡ್ಯೂಟಿ ಮುಗಿಸಿ ಬರುವವಳನ್ನು ಎಕ್ಸ್‌ಚೇಂಜಿನ ಗೇಟಿನಲ್ಲಿ ನಿಲ್ಲಿಸಿದ. "ದಯಾವತಿ ಅವ್ರೇ, ಒಂದು ಖರೇ ಮಾತು ಹೇಳ್ಲೇನ್ರಿ?"

"ಅಪರೂಪಕ್ಕ. ಹೇಳ್ರಿ."

"ನನಗ ನೀವು ಬೇಕು."

ಅವಳ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನನಗೂ ಮನಸ್ಸದ್ರಿ," ಎಂದಳು, ಡಬ್ಬಿಯನ್ನೇ ನೋಡುತ್ತ. "ಅಪ್ಪನ್ನ ಕೇಳ್ರಿ."

ಯೇಸಪ್ಪನವರು ಒಲ್ಲೆ ಎನ್ನಲಿಲ್ಲ. ಅವರದು ಒಂದೇ ಷರತ್ತು. ಮಗಳನ್ನು ತಮ್ಮ ಸಭೆಗೆ ಸೇರಿದವನಿಗೇ ಕೊಡುವುದು. ಮೆಥೋಡಿಸ್ಟರು ಎಳೆ ಕೂಸಿನ ತಲೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಬ್ಯಾಪ್ಟಿಸ್ಟರಲ್ಲಿ ಅದು ನಡೆಯುವುದಿಲ್ಲ. ಬುದ್ಧಿ ಬಂದ ಮೇಲೆ, ತನ್ನ ಸ್ವಂತ ಇಚ್ಛೆಯಿಂದ ನಂಬಿ, ಹೊಳೆಗಿಳಿದು ಪೂರ್ತಿ ಮುಳುಗಿ ಏಳಬೇಕು.

"ಅಷ್ಟೇ ಏನ್ರಿ?" ಎಂದ ಮನೋಹರ. "ಒಂದು ಸಲ ಯಾಕ, ಮೂರು ಸಲ ಮುಳಗ್ತೇನಿ!"

ಪಾಸ್ಟರ್ ನಕ್ಕರು, ಕಾಕಾ ನಕ್ಕರು. ಚಹಾ ತಂದಿದ್ದ ದಯಾವತಿ ನಗಲಿಲ್ಲ.

ನೀರಿಗಿಳಿಯುವ ಮೊದಲು ಆ ಸಭೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಸೇರಬೇಕೆನ್ನುವವನು ಎಲ್ಲರೆದುರು ನಿಂತು ತಾನು ಹೇಗೆ ನಂಬಿದೆ ಎಂದು ಸಾಕ್ಷಿ ಹೇಳಬೇಕು. ಕೇಳಿದ ಮೇಲೆ ಸಭೆಯವರು ಕೈ ಎತ್ತಿ ಒಪ್ಪಬೇಕು. ಒಬ್ಬರು ಎತ್ತದಿದ್ದರೂ ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕುತ್ತಾರೆ. ಪಾಸ್ಟರರ ಕೈಗೂ ಅಲ್ಲಿ ಒಂದೇ ಬೆಲೆ.

ಜನವರಿಯ ಆ ಭಾನುವಾರ ಮನೋಹರ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ. ಏನು ಚಂದ ಮಾತಾಡಿದ! ತಾನು ಕತ್ತಲೆಯಲ್ಲಿದ್ದೆ ಎಂದ, ಬೆಳಕು ಕಂಡೆ ಎಂದ, ಒಂದು ಕಡೆ ಗಂಟಲು ಕಟ್ಟಿ ನಿಲ್ಲಿಸಿದ. ನೋಡಲು ಬಂದಿದ್ದ ಕಾಕಾ ಕೂಡ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಪಾಸ್ಟರ್ ಕೇಳಿದ ಕೂಡಲೇ ಕೈಗಳು ಎದ್ದವು. ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು ಎರಡೂ ಕೈ ಎತ್ತಿದಳು.

ದಯಾವತಿಯ ಕೈ ಮಡಿಲಲ್ಲೇ ಇತ್ತು. ಒಂದು ಕೈಯಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ದಯಾ?" ಎಂದರು ಪಾಸ್ಟರ್.

ಅವಳು ಎದ್ದು ನಿಂತಳು. ಅಪ್ಪನ ಕಡೆ ತಿರುಗಿ ಹೇಳಿದಳು. "ಇವ್ರು ನನ್ನ ಸಲುವಾಗಿ ನೀರಿಗಿ ಇಳಿಯಾಕತ್ತಾರ. ಅದು ನನಗೂ ಗೊತ್ತದ, ಅವ್ರಿಗೂ ಗೊತ್ತದ. ನಾ ಕೈ ಎತ್ತಿದ್ರ ಸುಳ್ಳಾಗ್ತದ, ಅಪ್ಪಾ."

ಮನೋಹರನ ಮುಖ ಸುಣ್ಣ ಬಳಿದಂತಾಯಿತು. ಎಲ್ಲರೂ ನೋಡುತ್ತಿದ್ದಂತೆ ಹೊರಗೆ ನಡೆದುಬಿಟ್ಟ. ಅವಳು ಓಡೋಡಿ ಬಂದು ಹಿತ್ತಲ ಬಾಗಿಲಲ್ಲಿ ಅವನನ್ನು ತಡೆದಳು.

"ನಿನಗ ನಾ ಬ್ಯಾಡಾಗೇನಿ, ಹೌದಿಲ್ಲೋ?" ಸಿಟ್ಟಿನಲ್ಲಿ 'ನೀವು' ಎನ್ನುವುದು ಬಿಟ್ಟುಹೋಗಿತ್ತು.

"ನಿಮ್ಮನ್ನ ಬಿಟ್ರ ನನಗ ಬ್ಯಾರೆ ಯಾರೂ ಬ್ಯಾಡ."

"ಮತ್ತ? ಒಂದು ಕೈ, ದಯಾ. ಒಂದು ಕೈ ಎತ್ತಾಕ ಏನಾಗಿತ್ತು? ಮುಂದಿನ ತಿಂಗಳು ಮದುವಿ ಆಗ್ತಿತ್ತು."

"ದೇವರೇ ಯಾರದೂ ರಟ್ಟಿ ಹಿಡಿದು ಎಳಿಯಂಗಿಲ್ರಿ. ಬಾ ಅಂತಾನ, ಬಿಡ್ತಾನ. ನಾ ಎಳಿಲೇನು?" ಅವಳ ಕಣ್ಣು ತುಂಬಿ ಹರಿಯುತ್ತಿತ್ತು. "ನಿಮ್ಮ ಮೆಥೋಡಿಸ್ಟ್ ಚರ್ಚಿನಾಗೇ ಖರೇ ಮನಸ್ಸಿಲೆ ಇರ್ರಿ, ನಾ ಖುಷಿಯಿಂದ ನೋಡ್ತೇನಿ. ನನ್ನ ಸಲುವಾಗಿ ಸುಳ್ಳೇ ಮುಳುಗಿದ್ರ, ನಿಮ್ಮ ಮಾರಿ ನೋಡಿದಾಗೆಲ್ಲ ನನಗ ಅದೇ ನೆನಪಾಗ್ತದ."

ಅವನು ಅವಳನ್ನು ದಾಟಿಕೊಂಡು ಹೋದ. ಆ ಸಂಜೆ ಅವಳು ಒಲೆಯ ಮೇಲಿಟ್ಟ ರೊಟ್ಟಿ ಸೀದು ಕರಕಲಾಯಿತು, ತೆಗೆಯಲು ನೆನಪೇ ಆಗಲಿಲ್ಲ.

ಅದೇ ವಾರ ರೇವಣಪ್ಪನವರು ಜೇವರ್ಗಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಹೊಸ ಅಡತಿ ಅಂಗಡಿ ತೆರೆದರು. ಯಾರು ಹೋಗುತ್ತೀರಿ ಎಂದು ಕೇಳುವ ಮೊದಲೇ ಮನೋಹರ ಟ್ರಂಕು ಕಟ್ಟಿದ್ದ.

ಊರು ಬಿಟ್ಟರೆ ಮರೆಯಬಹುದು ಎಂದುಕೊಂಡಿದ್ದು ಅವನ ದಡ್ಡತನ. ಜೇವರ್ಗಿಯಿಂದ ಮಿಲ್ಲಿಗೆ ದಿನವೂ ಫೋನ್ ಮಾಡಲೇಬೇಕು. ಆಳಂದದ ಲೈನ್ ಕೊಡುವವಳು ಅವಳೇ. "ಲೈನ್ ಸಿಕ್ಕದ, ಮಾತಾಡ್ರಿ" ಎನ್ನುತ್ತಿದ್ದಳು. ಅಷ್ಟೇ. ಒಂದು ದಿನ ಅವನು ತಡೆಯಲಾರದೆ "ದಯಾ..." ಎಂದ. ಆ ಕಡೆ ಉಸಿರು ಕೇಳಿಸಿತು. ಮರುಗಳಿಗೆ "ಮಾತಾಡ್ರಿ" ಎಂದ ದನಿ ನಡುವೆ ಒಡೆಯಿತು. ಲೈನಿನ ತುದಿಯಲ್ಲಿ ರೇವಣಪ್ಪನವರು "ಹಲೋ, ಹಲೋ" ಎಂದು ಒದರುತ್ತಿದ್ದರು.

ಆ ದಿನದಿಂದ ಅವನ ಚಡಪಡಿಕೆ ಇನ್ನೂ ಹೆಚ್ಚಾಯಿತು. ಅಂಗಡಿಯಲ್ಲಿ ಕೂತರೆ ಹೊರಗೆ ಹೋಗಬೇಕೆನಿಸುತ್ತಿತ್ತು. ಹೊರಗೆ ಹೋದರೆ ಕಾಲು ಭೀಮಾ ಹೊಳೆಯ ಕಡೆಗೇ ತಿರುಗುತ್ತಿತ್ತು. ಅವಳ ಮೇಲಿನ ಸಿಟ್ಟಿನಲ್ಲೇ ಒಂದು ಹಟ ಹಿಡಿದ. ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ, ಅದರಲ್ಲೇನು ದೊಡ್ಡದಿದೆ, ನೋಡೇಬಿಡೋಣ ಎಂದುಕೊಂಡ.

ಮೊದಲ ದಿನ ಮಧ್ಯಾಹ್ನದೊಳಗೆ ಸೋತ. ಮರುದಿನವೂ ಸೋತ. ಸುಳ್ಳು ತಾನಾಗಿಯೇ ನಾಲಿಗೆಯ ತುದಿಗೆ ಬಂದು ಕೂತಿರುತ್ತಿತ್ತು. ರೈತನಿಗೆ ಒಂದು, ಹಮಾಲನಿಗೆ ಒಂದು, ಸುಮ್ಮನೆ ಕೇಳಿದವನಿಗೂ ಒಂದು. ಒಮ್ಮೆ ಮಾತ್ರ ಹಲ್ಲು ಕಚ್ಚಿ, ನಾಳೆ ರೇಟು ಏರಬಹುದು, ಇವತ್ತೇ ಮಾರಬೇಡ ಎಂದು ಒಬ್ಬ ರೈತನಿಗೆ ಇದ್ದದ್ದನ್ನು ಹೇಳಿಬಿಟ್ಟ. ಅವನು ಗಾಡಿ ತಿರುಗಿಸಿಕೊಂಡು ಹೋದ. ಸುದ್ದಿ ಕೇಳಿ ರೇವಣಪ್ಪನವರು ತಲೆ ಹಿಡಿದುಕೊಂಡರು. "ಖರೇ ಹೇಳೋ ಗುಮಾಸ್ತನ್ನ ಕಟಗೊಂಡು ಅಡತಿ ಹ್ಯಾಂಗ ನಡಸಬೇಕಪಾ ನಾ?"

ಒಂದು ಮಧ್ಯಾಹ್ನ, ಗಿರಾಕಿ ಯಾರೂ ಇಲ್ಲದ ಹೊತ್ತು, ಚೀಲಗಳ ನಡುವೆ ಕೂತು ಅವನು ಅತ್ತ. ಇದು ತನ್ನಿಂದ ಆಗುವ ಕೆಲಸವಲ್ಲ ಎಂದು ಆಗ ಗೊತ್ತಾಯಿತು. "ದೇವರೇ, ನನ್ನ ಕೈಲೆ ಆಗವಲ್ದು. ನೀನರೆ ಮಾಡು," ಎಂದ. ಕೇಳಿ ಮೆಚ್ಚಲು ಅಲ್ಲಿ ಪಾಸ್ಟರ್ ಇರಲಿಲ್ಲ, ದಯಾವತಿಯೂ ಇರಲಿಲ್ಲ. ಪ್ರಾರ್ಥನೆಯಲ್ಲಿ ಚಂದದ ಒಂದು ಮಾತೂ ಇರಲಿಲ್ಲ. ಎದ್ದಾಗ ಮಾತ್ರ ತಿಂಗಳುಗಳ ನಂತರ ಮೊದಲ ಸಲ ಚೆನ್ನಾಗಿ ಹಸಿವಾಗಿತ್ತು.

ದೀಪಾವಳಿಯ ಹೊತ್ತಿಗೆ ಕಾಕಾ ಜೇವರ್ಗಿಗೆ ಬಂದರು. ಬಹಳ ಹೊತ್ತು ಸುತ್ತಿ ಬಳಸಿ ಕೊನೆಗೆ ಹೇಳಿದರು. "ಮನು, ಆ ಹುಡುಗಿದು ಮದುವಿ ಗಟ್ಟಿ ಆದಂಗದಪ್ಪಾ. ಸೊಲ್ಲಾಪುರದಾಂವ, ಮಾಸ್ತರ್, ಅವರದೇ ಸಭಾದಾಂವ. ನಿನಗ ಅಫಜಲಪುರದಾಗ ಒಂದು ಕನ್ಯಾ ನೋಡೇನಿ. ಹೂಂ ಅನ್ನು."

ಮನೋಹರ ಹೊಳೆಯ ದಂಡೆಗೆ ಹೋಗಿ ಕತ್ತಲಾಗುವ ತನಕ ಕೂತ. ಇನ್ನು ಆ ಸಭೆ, ಆ ದೀಕ್ಷಾಸ್ನಾನ, ಅದರ ಗೊಡವೆ ತನಗ್ಯಾಕೆ? ಅವಳಿಗಾಗಿಯೇ ಆಗಿದ್ದರೆ ಇಂದಿಗೆ ಆ ಆಸೆ ಸಾಯಬೇಕಲ್ಲ? ಸಾಯಲಿ ಎಂದು ಕಾದ. ಅವಳು ಹೋದ ದುಃಖ ಒಂದು ಕಡೆ ಉರಿಯುತ್ತಲೇ ಇತ್ತು, ಆಸೆ ಇನ್ನೊಂದು ಕಡೆ ಹಾಗೇ ಉಳಿಯಿತು. ಅವನಿಗೆ ಭಯವೇ ಆಯಿತು.

ಜನವರಿಯಲ್ಲಿ ಆಳಂದಕ್ಕೆ ಬಂದು ನೇರ ಪಾಸ್ಟರರ ಮುಂದೆ ನಿಂತ. "ನನ್ನ ಸಾಕ್ಷಿ ಮತ್ತೊಮ್ಮೆ ಕೇಳ್ತೀರೇನ್ರಿ?"

ಯೇಸಪ್ಪನವರು ಕನ್ನಡಕ ತೆಗೆದು ಅವನನ್ನು ನೋಡಿದರು. "ದಯಾನ ಮಾತುಕತಿ ಮುಗದಂಗದ. ಗೊತ್ತದ ಏನು?"

"ಗೊತ್ತದ್ರಿ."

"ಆದ್ರೂ?"

"ಅದು ಬ್ಯಾರೆ, ಇದು ಬ್ಯಾರೆ ಅದ್ರಿ."

ಆ ಭಾನುವಾರದ ಅಂಗಿಗೆ ಇಸ್ತ್ರಿ ಇರಲಿಲ್ಲ. "ನನಗ ಚಂದ ಮಾತಾಡಾಕ ಬರ್ತದ. ಅದಕ್ಕೇ ಇವತ್ತ ಸಣ್ಣದು ಹೇಳ್ತೇನಿ," ಎಂದು ಶುರು ಮಾಡಿದ. "ಹೋದ ವರ್ಷ ಹೇಳಿದ್ದೆಲ್ಲ ಸುಳ್ಳು. ದಯಾವತಿ ಅವ್ರು ಕೈ ಎತ್ತಲಿಲ್ಲ, ಬರೋಬರ್ ಮಾಡಿದ್ರು. ಆಮ್ಯಾಲೆ ಸುಳ್ಳು ಬಿಡಾಕ ನೋಡಿದೆ, ಆಗಲಿಲ್ಲ. ಆಗಂಗಿಲ್ಲಂತ ಗೊತ್ತಾದ ದಿನ ದೇವರನ್ನ ಕರದೆ. ಅಂವ ಬಂದಾನಂತ ನಂಬೇನಿ. ಇಷ್ಟೇ." ಕೂತುಬಿಟ್ಟ. ಪಾಸ್ಟರ್ ಇನ್ನೂ ಕೇಳಿರಲೇ ಇಲ್ಲ. ಹೆಂಗಸರ ಸಾಲಿನಲ್ಲಿ ಒಂದು ಕೈ ಆಗಲೇ ಎದ್ದಿತ್ತು. ಮನೋಹರ ತಲೆ ತಗ್ಗಿಸಿದ್ದ, ನೋಡಲಿಲ್ಲ.

ಮುಂದಿನ ವಾರ ಸಭೆಯವರೆಲ್ಲ ಊರಿನ ಮಲಂಗಸಾಬನ ಬಾಡಿಗೆ ಟ್ರ್ಯಾಕ್ಟರ್ ಹತ್ತಿ ಅಫಜಲಪುರದ ಕಡೆ, ಭೀಮಾ ಹೊಳೆ ಮೆಲ್ಲಗೆ ಹರಿಯುವ ದಂಡೆಗೆ ಹೋದರು. ಎಳೆ ಬಿಸಿಲಿದ್ದರೂ ನೀರು ಕೊರೆಯುತ್ತಿತ್ತು. ಎದೆಮಟ್ಟ ನೀರಲ್ಲಿ ಪಾಸ್ಟರ್ ಗಟ್ಟಿಯಾಗಿ ಕೇಳಿದರು.

"ಯಾರರೆ ಒತ್ತಾಯ ಮಾಡ್ಯಾರೇನು?"

"ಇಲ್ರಿ."

"ಏನರೆ ಸಿಗ್ತದಂತ ಬಂದೀ ಏನು?"

"ಇಲ್ರಿ." ಈ ಸಲ ಆ ಮಾತು ಎಷ್ಟು ನಿಜ ಎಂದು ದಂಡೆಯ ಮೇಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಾಕಾ ಮುಖ ಬೇರೆ ಕಡೆ ತಿರುಗಿಸಿದರು.

ಮುಳುಗಿ ಎದ್ದ. ತಲೆಯಿಂದ ನೀರಿಳಿಸುತ್ತ ದಂಡೆಗೆ ಬಂದಾಗ ಟವೆಲ್ ಹಿಡಿದು ನಿಂತವಳು ದಯಾವತಿ. ಎದುರಾಬದುರು ನಿಂತು ಒಂದು ವರ್ಷವಾಗಿತ್ತು. ಅವಳು ಸೊರಗಿದ್ದಳು. ಕಣ್ಣು ಮಾತ್ರ ಅವನ ಮುಖದಿಂದ ಕದಲಲಿಲ್ಲ, ಈ ಸಲ ಸೆರಗಿನ ನೆಪವನ್ನೂ ಹುಡುಕಲಿಲ್ಲ.

"ನನ್ನ ಏನೂ ಕೇಳಂಗಿಲ್ಲೇನ್ರಿ?" ಎಂದಳು ಮೆಲ್ಲಗೆ.

ಕೇಳಬೇಕೆಂದು ಅವನ ಜೀವ ಬಾಯಿಗೆ ಬಂದಿತ್ತು. ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಹೇಳಿದ. "ಕೇಳಂಗಿಲ್ರಿ. ಈಗ ಕೇಳಿದ್ರ ಮುಳುಗಿದ್ದಕ್ಕ ಕೂಲಿ ಕೇಳಿದಂಗ ಆಗ್ತದ. ಮ್ಯಾಲೆ ನಿಮ್ಮದು ಬ್ಯಾರೆ ಕಡೆ ಗಟ್ಟಿ ಆಗೇದ. ಚಲೋ ಇರ್ರಿ."

ದಯಾವತಿ ಹಿಂದೆ ತಿರುಗಿದಳು. ಪಾಸ್ಟರ್ ಒದ್ದೆ ಧೋತರ ಹಿಂಡುತ್ತಿದ್ದರು.

"ಅಪ್ಪಾ, ಸೊಲ್ಲಾಪುರದವರಿಗಿ ಹೂಂ ಅಂದವ್ರು ಯಾರು?"

"ಯಾಕವ್ವಾ? ನೀನೇ ಸುಮ್ಮನಿದ್ದೆಲ್ಲ. ಮನಸ್ಸದ ಅಂತ ತಿಳಕೊಂಡೆ."

"ನೀರಾಗ ನಿಂತವರನ್ನೆಲ್ಲ ಒತ್ತಾಯ ಅದ ಏನು, ಸ್ವಂತ ಮನಸ್ಸು ಅದ ಏನು ಅಂತ ಕೇಳ್ತೀರಿ. ನನ್ನ ಒಂದು ಸಲನೂ ಕೇಳಲಿಲ್ಲ."

ಯೇಸಪ್ಪನವರ ಕೈಯಲ್ಲಿ ಧೋತರದ ತುದಿ ಹಾಗೇ ನಿಂತಿತು. ಮೂವತ್ತು ವರ್ಷ ಅದೇ ಬೋಧನೆ ಮಾಡಿದ ಮನುಷ್ಯ, ಮಗಳ ಮುಂದೆ ಮಗುವಿನಂತಾದರು. "ತಪ್ಪಾತವ್ವಾ," ಎಂದರು ತಡೆದು ತಡೆದು. "ಈಗ ಕೇಳ್ತೇನಿ. ನಿನಗ ಮನಸ್ಸದ ಏನು?"

"ಇಲ್ಲಪ್ಪಾ. ಅವರಿಗಿ ಹಂಗಂತ ಹೇಳ್ರಿ, ಮರ್ಯಾದಿಲೆ."

ಅವಳು ಮತ್ತೆ ಮನೋಹರನ ಕಡೆ ತಿರುಗಿದಳು. ಕಿವಿ ಕೆಂಪಾಗಿತ್ತು, ಗಲ್ಲವೂ ಕೆಂಪಾಗಿತ್ತು. ದಂಡೆಯ ಮೇಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

"ನೀವು ಕೇಳಂಗಿಲ್ಲ. ಖರೇ ಅದ, ಕೇಳಬಾರದು," ಎಂದಳು. "ಆದ್ರ ನಾ ಏನೂ ಮುಳುಗಿಲ್ಲಲ್ರಿ, ನಾ ಕೇಳಬಹುದು. ಮನೋಹರ ಅವ್ರೇ, ನನ್ನ ಮದುವಿ ಆಗ್ತೀರೇನು? ಮನಸ್ಸಿಲ್ಲಂದ್ರ ಇಲ್ಲ ಅನ್ರಿ. ನಾ ಏನೂ ಅನ್ನಂಗಿಲ್ಲ."

ಹೇಳಿದಳೇನೋ ನಿಜ, ಆದರೆ ಅವಳ ಬೆರಳುಗಳು ಟವೆಲ್ಲಿನ ತುದಿಯನ್ನು ಬಿಟ್ಟಿರಲಿಲ್ಲ.

ಊರಿಗೇ ಮಾತು ಸಾಲ ಕೊಡುವಂಥ ಮನೋಹರನಿಗೆ ಆಗ ಒಂದು ಅಕ್ಷರವೂ ಸಿಗಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಚಳಿಗೋ, ಅಳುವಿಗೋ, ಯಾರಿಗೆ ಗೊತ್ತು. ಜೋರಾಗಿ ತಲೆಯಾಡಿಸಿದ.

"ತಲಿ ಆಡಿಸಿದ್ರ ನಡಿಯಂಗಿಲ್ರಿ. ನಮ್ಮ ಸಭಾದಾಗ ಬಾಯಿ ಬಿಟ್ಟು ಹೇಳಬೇಕು."

"ಹೌದ್ರಿ," ಎಂದ ಮನೋಹರ. "ಆಗ್ತೇನ್ರಿ. ನನ್ನ ಸ್ವಂತ ಮನಸ್ಸಿಲೆ."